ಸಿಹಿನೀರ ಕಡಲಿನಲ್ಲಿ ಹಳೆಯ ದೋಣಿ

ನಮ್ಮ ನುಡಿಯಲ್ಲಿ ‘ಸರೋವರ’ ಎಂಬ ಮಾತು ಕಿವಿಗೆ ಬಿದ್ದೊಡನೆ ಮನಸ್ಸಿನಲ್ಲಿ ಮೂಡುವ ಚಿತ್ರ ಯಾವುದು? ಅಲುಗದ ತಿಳಿನೀರು, ತಾವರೆ, ತುಂಬಿ, ಹಂಸಗಳ ಸಾಲು, ದಡದಲ್ಲೊಂದು ಸೋಪಾನ. ಪ್ರಾಚೀನ ಕಾವ್ಯಗಳ ಸರೋವರ ವರ್ಣನೆಗಳನ್ನು ಓದಿ, ಓದಿಸಿ ತಲೆ ನರೆತ ನನ್ನಂಥವರಿಗಂತೂ ಈ ಚಿತ್ರವನ್ನು ಅಳಿಸಿಕೊಳ್ಳುವುದು ಸುಲಭವಲ್ಲ. ಆದರೆ ಉತ್ತರ ಅಮೆರಿಕದ ಸುಪೀರಿಯರ್, ಮಿಷಿಗನ್, ಹ್ಯೂರಾನ್, ಈರಿ, ಒಂಟಾರಿಯೊ ಎಂಬ ಐದು ಮಹಾಸರೋವರಗಳ ದಡದಲ್ಲಿ ನಿಂತವನಿಗೆ ಈ ಹಳೆಯ ಚಿತ್ರ ಯಾವ ನೆರವನ್ನೂ ನೀಡದು. ಇವು ಐದೂ ಸೇರಿ ಆವರಿಸಿರುವ ನೀರಿನ ಹರವು ಸುಮಾರು ೨,೪೪,೦೦೦ ಚದರ ಕಿಲೋಮೀಟರು. ನಮ್ಮ ಇಡೀ ಕರ್ನಾಟಕದ ವಿಸ್ತೀರ್ಣವೇ ೧,೯೧,೭೯೧ ಚದರ ಕಿಲೋಮೀಟರು. ಬೀದರಿನಿಂದ ಚಾಮರಾಜನಗರದವರೆಗಿನ ನೆಲವನ್ನೆಲ್ಲ ಮುಳುಗಿಸಿದರೂ ಆ ನೀರಿಗೆ ಇನ್ನೂ ಜಾಗ ಸಾಲದು. ಭೂಮಿಯ ಮೇಲ್ಮೈಯಲ್ಲಿರುವ ಸಿಹಿನೀರಿನಲ್ಲಿ, ಹಿಮವಾಗಿ ಹೆಪ್ಪುಗಟ್ಟಿರುವುದನ್ನು ಬಿಟ್ಟರೆ, ಸರಿಸುಮಾರು ಐದರಲ್ಲಿ ಒಂದು ಪಾಲು ಅಲ್ಲಿದೆ.

೧೬೧೫ರಲ್ಲಿ ಹ್ಯೂರಾನ್ ಸರೋವರವನ್ನು ಕಂಡ ಫ್ರೆಂಚ್ ಅನ್ವೇಷಕ ಶಾಂಪ್ಲೇನ್ ಅದನ್ನು ‘ಸಿಹಿಯಾದ ಕಡಲು’ ಎಂದು ಕರೆದ. ಅದಕ್ಕೂ ಬಹಳ ಮುಂಚಿನಿಂದ ಆ ತೀರಗಳಲ್ಲಿ ಬಾಳಿದ ಒಜಿಬ್ವೆ ಜನ ತಮ್ಮ ನುಡಿಯಲ್ಲಿ ಸುಪೀರಿಯರನ್ನು ‘ದೊಡ್ಡ ಕಡಲು’ ಎಂದೇ ಹೆಸರಿಸಿದ್ದರು. ಹೆಸರಿಟ್ಟವರು ತಪ್ಪಲಿಲ್ಲ. ೧೯೭೫ರ ನವೆಂಬರ್ ೧೦ರ ರಾತ್ರಿ, ೨೨೨ ಮೀಟರು ಉದ್ದದ ‘ಎಡ್ಮಂಡ್ ಫಿಟ್ಜ್‌ಜೆರಾಲ್ಡ್’ ಎಂಬ ಅದಿರು ಸಾಗಿಸುವ ಹಡಗು ಸುಪೀರಿಯರಿನ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಅದರಲ್ಲಿದ್ದ ೨೯ ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಇಂಥ ನೀರಿನ ಮೇಲೆ ಹದಿನಾರು ಅಡಿ ಉದ್ದದ, ಅರವತ್ತು ವರ್ಷ ಹಳೆಯದಾದ ಒಂದು ಅಲ್ಯೂಮಿನಿಯಂ ದೋಣಿಯನ್ನು ರಿಪೇರಿ ಮಾಡಿಕೊಂಡು ಮೀನು ಹಿಡಿಯಲು ಹೋಗುವ ಜನ ಇಂದಿಗೂ ಸಾವಿರಾರು ಇದ್ದಾರೆ. ಇದು ಹುಚ್ಚೋ, ಹವ್ಯಾಸವೋ, ಅಥವಾ ಇದರಲ್ಲಿ ಒಂದು ವಿವೇಕವೂ ಇದೆಯೋ ಎಂಬುದೇ ಈ ಹೊತ್ತಿನ ನನ್ನ ಮಾತಿನ ವಿಷಯ.

ಮೊದಲು ಲೋಹದ ಕಥೆಯನ್ನು ನೋಡೋಣ. ಅಲ್ಯೂಮಿನಿಯಂ ಇಂದು ಬಡವರ ಮನೆಯ ಪಾತ್ರೆ. ಆದರೆ ೧೮೮೪ರಲ್ಲಿ ವಾಷಿಂಗ್‌ಟನ್ ಸ್ಮಾರಕಸ್ತಂಭದ ನೆತ್ತಿಗೆ ಕಳಶವಿಡುವಾಗ ಆರಿಸಿಕೊಂಡದ್ದು ಇದೇ ಲೋಹವನ್ನು. ಆಗ ಅದರ ಬೆಲೆ ಬೆಳ್ಳಿಗೆ ಸಮನಾಗಿತ್ತು. ಎರಡೇ ವರ್ಷಗಳ ನಂತರ, ೧೮೮೬ರಲ್ಲಿ, ಈರಿ ಸರೋವರಕ್ಕೆ ಹೆಚ್ಚು ದೂರವಲ್ಲದ ಒಬರ್ಲಿನ್ ಎಂಬ ಊರಿನಲ್ಲಿ ಚಾರ್ಲ್ಸ್ ಮಾರ್ಟಿನ್ ಹಾಲ್ ಎಂಬ ತರುಣನೂ, ಫ್ರಾನ್ಸಿನಲ್ಲಿ ಪಾಲ್ ಎರೂ ಎಂಬಾತನೂ ವಿದ್ಯುತ್ತಿನಿಂದ ಅದನ್ನು ಅಗ್ಗವಾಗಿ ಬೇರ್ಪಡಿಸುವ ವಿಧಾನವನ್ನು ಒಬ್ಬರನ್ನೊಬ್ಬರು ಅರಿಯದೆಯೇ ಕಂಡುಹಿಡಿದರು. ಅಲ್ಲಿಂದ ಮುಂದೆ ಅದರ ಬೆಲೆ ಇಳಿದದ್ದೇ ಇಳಿದದ್ದು. ಹದಿನೈದು ವರ್ಷ ಕಳೆಯುವ ಮೊದಲೇ ಈ ಲೋಹ ನಮ್ಮ ದಕ್ಷಿಣ ದೇಶಕ್ಕೂ ಬಂದಿತು. ಮದರಾಸಿನ ಕಲಾಶಾಲೆಯಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದವರು ಆಲ್‌ಫ್ರೆಡ್ ಚಾಟರ್‌ಟನ್. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿ ಬಂದವರೂ ಅವರೇ.

ಪಾತ್ರೆಯಿಂದ ದೋಣಿಗೆ ಹೋಗುವ ದಾರಿ ಮಹಾಯುದ್ಧದ ಮೂಲಕ ಹಾದುಹೋಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಗ್ರುಮನ್ ಕಂಪನಿ ನೌಕಾದಳಕ್ಕೆ ಸಾವಿರಗಟ್ಟಲೆ ಯುದ್ಧವಿಮಾನಗಳನ್ನು ತಯಾರಿಸುತ್ತಿತ್ತು. ತೆಳುವಾದ ಅಲ್ಯೂಮಿನಿಯಂ ತಗಡನ್ನು ಅಚ್ಚಿನ ಮೇಲೆ ಎಳೆದು ಬಾಗಿಸಿ, ರಿವೆಟ್ಟುಗಳಿಂದ ಹೆಣೆಯುವ ಕೈಚಳಕ ಅಲ್ಲಿನ ಕೆಲಸಗಾರರಿಗೆ ಕರಗತವಾಗಿತ್ತು. ಆ ಕಂಪನಿಯ ಅಧಿಕಾರಿ ವಿಲಿಯಂ ಹಾಫ್‌ಮನ್, ಕಾಡಿನ ದಾರಿಯಲ್ಲಿ ಮರದ ಭಾರವಾದ ದೋಣಿಯನ್ನು ಹೊತ್ತು ದಣಿದಾಗ, ವಿಮಾನದ ತಗಡಿನಲ್ಲಿಯೇ ದೋಣಿಯನ್ನೇಕೆ ಮಾಡಬಾರದೆಂದು ಯೋಚಿಸಿದರು. ೧೯೪೫ರಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಗ್ರುಮನ್ ದೋಣಿಗಳು ಹೊರಬಂದವು. ಮರುವರ್ಷ ಮಿನಿಯಾಪೊಲಿಸ್ ನಗರದಲ್ಲಿ ಕಟ್ಟಡಗಳಿಗೆ ಅಲಂಕಾರದ ಕಬ್ಬಿಣದ ಕೆಲಸ ಮಾಡುತ್ತಿದ್ದ ಕಂಪನಿಯೊಂದು ‘ಆಲ್ಯೂಮಾಕ್ರಾಫ್ಟ್’ ದೋಣಿಗಳನ್ನು ಹೊರತಂದಿತು. ೧೯೪೮ರಲ್ಲಿ ಮಿನೆಸೋಟ ರಾಜ್ಯದ ಹಳ್ಳಿಯೂರಿನಲ್ಲಿ ಹೊವರ್ಡ್ ಲುಂಡ್ ತನ್ನ ಹೆಸರಿನ ದೋಣಿಗಳನ್ನು ಕಟ್ಟತೊಡಗಿದ. ದನಗಳಿಗೆ ನೀರುಣಿಸುವ ಲೋಹದ ತೊಟ್ಟಿಗಳನ್ನು ಮಾಡುತ್ತಿದ್ದ ಇಂಡಿಯಾನದ ಕಾರ್ಖಾನೆಯೊಂದು ‘ಸ್ಟಾರ್‌ಕ್ರಾಫ್ಟ್’ ಎಂಬ ಹೆಸರಿನಿಂದ ಹೆಸರುವಾಸಿಯಾಯಿತು. ಮಿಷಿಗನ್ ಸರೋವರದ ಪಶ್ಚಿಮ ದಂಡೆಯ ಮ್ಯಾನಿಟೋವಾಕ್ ಪಟ್ಟಣದಲ್ಲಿ, ಮನೆ ಮನೆಗೂ ಅಡುಗೆ ಪಾತ್ರೆಗಳನ್ನು ಒದಗಿಸುತ್ತಿದ್ದ ‘ಮಿರ್ರೊ’ ಕಂಪನಿಯೇ ‘ಮಿರ್ರೊಕ್ರಾಫ್ಟ್’ ದೋಣಿಗಳನ್ನೂ ತಯಾರಿಸಿತು. ಪಾತ್ರೆ ಮಾಡಿದ ಕೈಯೇ ದೋಣಿಯನ್ನೂ ಮಾಡಿತೆಂಬುದು ಇಲ್ಲಿ ಉಪಮಾಲಂಕಾರವಲ್ಲ, ನಿಜಸಂಗತಿ.

ಈ ದೋಣಿಗಳು ಜನರ ಮನಸ್ಸನ್ನು ಗೆದ್ದುದಕ್ಕೆ ಕಾರಣಗಳು ಸರಳವಾದುವು. ಅಲ್ಯೂಮಿನಿಯಂ ಉಕ್ಕಿನ ಮೂರನೆಯ ಒಂದು ಪಾಲಿನಷ್ಟೇ ತೂಗುತ್ತದೆ. ಮರದಂತೆ ಕೊಳೆಯುವುದಿಲ್ಲ, ವರ್ಷವರ್ಷವೂ ಬಿರುಕು ಮುಚ್ಚಿ ಬಣ್ಣ ಬಳಿಯಬೇಕೆಂಬ ಕಟ್ಟುಪಾಡಿಲ್ಲ. ಗಾಳಿ ತಾಕಿದೊಡನೆ ಅದರ ಮೈಮೇಲೆ ತಾನಾಗಿಯೇ ಒಂದು ತೆಳುವಾದ ಪೊರೆ ಕಟ್ಟಿಕೊಂಡು ಒಳಲೋಹವನ್ನು ಕಾಯುತ್ತದೆ. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗಬಹುದು. ಇದೇ ಮಿಷಿಗನ್ ಸರೋವರದ ತೀರದ ಮಿಲ್‌ವಾಕಿ ನಗರದಲ್ಲಿ ಓಲೆ ಎವಿನ್‌ರೂಡ್ ಎಂಬ ಕುಶಲಿ ೧೯೦೯ರಿಂದ ಮಾರತೊಡಗಿದ್ದ, ದೋಣಿಯ ಹಿಂಬದಿಗೆ ತೂಗುಹಾಕುವ ಯಂತ್ರವೂ ಇದರೊಡನೆ ಸೇರಿತು. ಕಾರ್ಖಾನೆಯ ಕೂಲಿಕಾರನೂ ಶಾಲೆಯ ಉಪಾಧ್ಯಾಯನೂ ಭಾನುವಾರ ಬೆಳಿಗ್ಗೆ ಮಹಾಸರೋವರಕ್ಕೆ ಇಳಿಯುವ ಕಾಲ ಬಂದಿತು. ಅಲ್ಲಿಯವರೆಗೆ ಆ ವಿಶಾಲವಾದ ನೀರು ಹಡಗಿನವರದು, ವೃತ್ತಿಯ ಬೆಸ್ತರದು, ಸಿರಿವಂತರದು ಆಗಿತ್ತು.

ಅವರು ಹುಡುಕಿಕೊಂಡು ಹೋದ ಮೀನಿನ ಕಥೆಯೂ ವಿಚಿತ್ರವಾದುದು. ನಯಾಗರ ಜಲಪಾತ ಮೇಲಿನ ನಾಲ್ಕು ಸರೋವರಗಳನ್ನು ಸಮುದ್ರದ ಜೀವಿಗಳಿಂದ ಕಾಪಾಡಿದ್ದ ಒಂದು ಗೋಡೆ. ಹಡಗುಗಳಿಗಾಗಿ ಮನುಷ್ಯ ಕಡಿದ ವೆಲ್ಯಾಂಡ್ ಕಾಲುವೆ ಆ ಗೋಡೆಗೆ ಬಾಗಿಲನ್ನಿಟ್ಟಿತು. ಹಾವಿನಂತಿದ್ದು, ಬಾಯಿಯನ್ನು ಅಂಟಿಸಿ ಬೇರೆ ಮೀನುಗಳ ರಕ್ತವನ್ನು ಹೀರುವ ಸಮುದ್ರ ಲ್ಯಾಂಪ್ರೆ ಎಂಬ ಜೀವಿ ೧೯೨೧ರಲ್ಲಿ ಈರಿಯಲ್ಲಿಯೂ ೧೯೩೬ರಲ್ಲಿ ಮಿಷಿಗನ್ನಿನಲ್ಲಿಯೂ ಕಾಣಿಸಿಕೊಂಡಿತು. ಸರೋವರದ ರಾಜನಂತಿದ್ದ ಟ್ರೌಟ್ ಮೀನು ಮಿಷಿಗನ್ನಿನಲ್ಲಿ ಎರಡು ದಶಕಗಳೊಳಗೆ ಹೇಳಹೆಸರಿಲ್ಲದಂತಾಯಿತು. ತಿನ್ನುವವನು ಇಲ್ಲವಾದಾಗ ಏಲ್‌ವೈಫ್ ಎಂಬ ಸಣ್ಣ ಕಡಲಮೀನು ಮಿತಿಮೀರಿ ಹೆಚ್ಚಿ, ೧೯೬೭ರ ಬೇಸಗೆಯಲ್ಲಿ ರಾಶಿರಾಶಿಯಾಗಿ ಸತ್ತು ಷಿಕಾಗೊ ತೀರದವರೆಗೂ ಕೊಳೆತು ನಾರಿತು. ಈ ಮೀನನ್ನು ತಿನ್ನಲೆಂದು ಮಿಷಿಗನ್ ರಾಜ್ಯದ ಮೀನುಗಾರಿಕೆಯ ಮುಖ್ಯಸ್ಥ ಹೊವರ್ಡ್ ಟ್ಯಾನರ್ ಪೆಸಿಫಿಕ್ ಸಾಗರದ ಕೋಹೊ ಸಾಲ್ಮನ್ ಮೊಟ್ಟೆಗಳನ್ನು ತರಿಸಿ, ಮರಿಮಾಡಿಸಿ, ೧೯೬೬ರ ವಸಂತದಲ್ಲಿ ಪ್ಲಾಟ್ ನದಿಯಲ್ಲಿ ಬಿಡಿಸಿದರು. ಮರುವರ್ಷದ ಶರತ್ಕಾಲಕ್ಕೆ ಆ ಮರಿಗಳು ತೋಳುದ್ದದ ಮೀನುಗಳಾಗಿ ದಡಕ್ಕೆ ಮರಳಿದವು.

ಆಮೇಲೆ ನಡೆದದ್ದನ್ನು ಕೇಳುಗರು ಸ್ವಲ್ಪ ಗಮನವಿಟ್ಟು ಕೇಳಬೇಕು. ಸುದ್ದಿ ಹಬ್ಬಿ ಜನ ಜಾತ್ರೆಯಂತೆ ನೆರೆದರು. ಚಿಕ್ಕ ಕೊಳಗಳಲ್ಲಿ, ನದಿಗಳಲ್ಲಿ ಬಳಸುತ್ತಿದ್ದ ದೋಣಿಗಳನ್ನೇ ಎಳೆದು ತಂದು ಮಿಷಿಗನ್ ಸರೋವರಕ್ಕೆ ಇಳಿಸಿದರು. ೧೯೬೭ರ ಸೆಪ್ಟೆಂಬರ್ ೨೩, ಶನಿವಾರ. ಪ್ಲಾಟ್ ಕೊಲ್ಲಿಯ ಆಸುಪಾಸಿನಲ್ಲಿ ನೂರಾರು ಸಣ್ಣ ದೋಣಿಗಳು ನೀರಿನ ಮೇಲಿದ್ದಾಗ ಬಿರುಗಾಳಿ ಎದ್ದಿತು. ದೋಣಿಗಳು ಮಗುಚಿದವು, ನೀರು ತುಂಬಿ ಮುಳುಗಿದವು, ದಡಕ್ಕೆ ಅಪ್ಪಳಿಸಲ್ಪಟ್ಟವು. ಏಳು ಮಂದಿ ಸತ್ತರು. ಆ ದೋಣಿಗಳಲ್ಲಿ ಹಲವು ಗಟ್ಟಿಮುಟ್ಟಾಗಿಯೇ ಇದ್ದಿರಬೇಕು. ಅವುಗಳಲ್ಲಿ ಕೊರತೆಯಿದ್ದದ್ದು ಗಟ್ಟಿತನದ್ದಲ್ಲ. ಅವು ಕೊಳದ ಅಳತೆಗೆ ಕಟ್ಟಿದ ದೋಣಿಗಳು, ಇಳಿದದ್ದು ಕಡಲಿಗೆ. ಹಳೆಯ ದೋಣಿಯನ್ನು ಕುರಿತು ಯೋಚಿಸುವವನು ಮೊದಲು ನೆನೆಯಬೇಕಾದ ದಿನ ಇದೇ.

ಅಮೆರಿಕದಲ್ಲಿ ೧೯೭೧ರಲ್ಲಿ ದೋಣಿಗಳ ಸುರಕ್ಷತೆಗಾಗಿ ಕಾನೂನು ಆಯಿತು. ಅದರ ಅನ್ವಯ, ೧೯೭೨ರ ನವೆಂಬರ್‌ನಿಂದ ಈಚೆಗೆ ತಯಾರಾದ, ಇಪ್ಪತ್ತು ಅಡಿಗಿಂತ ಚಿಕ್ಕದಾದ ಯಂತ್ರದ ದೋಣಿಗಳ ಮೈಮೇಲೆ ‘ಇಷ್ಟು ಜನ, ಇಷ್ಟು ತೂಕ, ಇಷ್ಟು ಅಶ್ವಶಕ್ತಿ’ ಎಂದು ಸಾರುವ ಒಂದು ಫಲಕವಿರಲೇಬೇಕು. ೧೯೭೮ರ ಆಗಸ್ಟಿನಿಂದ ಈಚಿನ ಹೊರಯಂತ್ರದ ಸಣ್ಣ ದೋಣಿಗಳು ನೀರು ತುಂಬಿಕೊಂಡರೂ ಮಗುಚದೆ ಸಮವಾಗಿ ತೇಲಬೇಕು; ಒಳಗಿದ್ದವರು ಅದನ್ನೇ ಹಿಡಿದುಕೊಂಡು ನೆರವಿಗಾಗಿ ಕಾಯುವಂತಿರಬೇಕು. ಈ ಎರಡು ವರ್ಷಗಳನ್ನು ನೆನಪಿನಲ್ಲಿಡಬೇಕೆಂದು ನಾನು ಹೇಳುವುದೇಕೆಂದರೆ, ಹವ್ಯಾಸಿಗಳು ಹುಡುಕಿ ತಂದು ಜೀರ್ಣೋದ್ಧಾರ ಮಾಡುವ ಅಂದವಾದ ದೋಣಿಗಳು, ರೆಕ್ಕೆಯಂಥ ಅಂಚುಗಳುಳ್ಳ ೧೯೫೦ರ ದಶಕದವು, ೧೯೬೦ರ ದಶಕದವು, ಈ ಕಾನೂನಿಗಿಂತ ಹಿಂದಿನವು. ಅವುಗಳ ಮೇಲೆ ಫಲಕವಿಲ್ಲ. ಮುಳುಗಿದರೆ ಹೇಗೆ ತೇಲುವುವೆಂಬ ಭರವಸೆಯಿಲ್ಲ. ಅವುಗಳ ಮಿತಿಯನ್ನು ಹೇಳುವವರು ಯಾರೂ ಇಲ್ಲದುದರಿಂದ ಒಡೆಯನೇ ಅದನ್ನು ಕಂಡುಕೊಳ್ಳಬೇಕು. ನನ್ನ ದೃಷ್ಟಿಯಲ್ಲಿ ಜೀರ್ಣೋದ್ಧಾರ ಎಂಬುದರ ತಿರುಳು ಇದೇ. ಹೊಳಪು ಕೊಡುವುದು ಸುಲಭ. ಅಳತೆಯನ್ನು ಅರಿಯುವುದು ಕಷ್ಟ.

ಈ ಕೆಲಸ ಹೇಗೆ ನಡೆಯುತ್ತದೆಂಬುದನ್ನು ನಾನು ಕಣ್ಣಾರೆ ಕಂಡದ್ದು ಮಿಷಿಗನ್ ಸರೋವರದ ಪೂರ್ವ ದಂಡೆಯ ಒಂದು ಸಣ್ಣ ಊರಿನಲ್ಲಿ, ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದಾಗ. ನೆರೆಮನೆಯವರು ನನ್ನ ವಯಸ್ಸಿನವರೇ. ಬಡಗಿ ಕೆಲಸದಿಂದ ನಿವೃತ್ತರಾದವರು. ತಮ್ಮ ತಂದೆ ಕೊಂಡಿದ್ದ ಹದಿನಾರು ಅಡಿಯ ದೋಣಿಯೊಂದು ಕೊಟ್ಟಿಗೆಯಲ್ಲಿ ಮೂವತ್ತು ವರ್ಷ ಮಲಗಿದ್ದುದನ್ನು ಅವರು ಹೊರಗೆಳೆದಿದ್ದರು. ಮೊದಲು ಮಾಡಿದ ಕೆಲಸ ನನಗೆ ಸೋಜಿಗವೆನಿಸಿತು: ದೋಣಿಯನ್ನು ನೀರಿನಲ್ಲಿ ಬಿಡಲಿಲ್ಲ, ನೀರನ್ನು ದೋಣಿಯಲ್ಲಿ ಬಿಟ್ಟರು. ಗಾಲಿಬಂಡಿಯ ಮೇಲಿದ್ದ ದೋಣಿಗೆ ಒಂದಿಷ್ಟು ನೀರು ತುಂಬಿ, ಹೊರಮೈಯಲ್ಲಿ ಎಲ್ಲೆಲ್ಲಿ ಹನಿ ಒಸರುವುದೋ ಅಲ್ಲೆಲ್ಲ ಸೀಸದ ಕಡ್ಡಿಯಿಂದ ಸುತ್ತುಗೆರೆ ಎಳೆದರು. ಐದಾರು ಅಂಗುಲದ ನೀರೆಂದರೆ ಅರ್ಧ ಟನ್ನಿಗೂ ಮಿಕ್ಕ ಭಾರ. ಅದಕ್ಕಿಂತ ಹೆಚ್ಚಾದರೆ ಆಧಾರವಿಲ್ಲದ ಕಡೆ ತಗಡು ಬಾಗೀತೆಂದು ಅಲ್ಲಿಗೇ ನಿಲ್ಲಿಸಿದರು. ಸಡಿಲವಾದ ರಿವೆಟ್ಟುಗಳನ್ನು, ಒಳಗಡೆ ಒಬ್ಬರು ಭಾರವಾದ ಕಬ್ಬಿಣದ ತುಂಡನ್ನು ಒತ್ತಿ ಹಿಡಿದಿರಲು, ಹೊರಗಡೆ ಇನ್ನೊಬ್ಬರು ಬಡಿದು ಮತ್ತೆ ಬಿಗಿಮಾಡಿದರು. ಬಿಗಿಯಾಗದವನ್ನು ಕೊರೆದು ತೆಗೆದು ಹೊಸದನ್ನು ಹಾಕಿದರು.

ಆಮೇಲೆ ನೆಲಹಲಗೆಯನ್ನು ಕಿತ್ತರು. ಕಣ್ಣಿಗೆ ಕಾಣದ ಮೋಸ ಇರುವುದು ಅಲ್ಲಿ. ದೋಣಿ ಮುಳುಗದಿರಲೆಂದು ಹಲಗೆಯ ಕೆಳಗೆ ತುಂಬಿದ್ದ ಹಳೆಯ ಫೋಮು ದಶಕಗಳ ಅವಧಿಯಲ್ಲಿ ನೀರು ಕುಡಿದು ಕಲ್ಲಿನಂತಾಗಿರುತ್ತದೆ. ತೇಲಿಸಬೇಕಾದದ್ದೇ ಮುಳುಗಿಸುವ ಭಾರವಾಗುತ್ತದೆ. ಹತ್ತು ಕೊಡ ನೀರನ್ನು ಹಿಡಿದಿಟ್ಟುಕೊಂಡ ದೋಣಿ ಮನುಷ್ಯರೇ ಇಲ್ಲದೆಯೂ ಇಬ್ಬರು ಮೂವರನ್ನು ಹೊತ್ತಂತೆ. ಸಾಲದುದಕ್ಕೆ, ಹಸಿಯಾದ ಫೋಮು, ಹಸಿಮರ, ಹಸಿಗಂಬಳಿ ಯಾವುದೇ ಆಗಲಿ ಲೋಹಕ್ಕೆ ಅಂಟಿಕೊಂಡು ಕುಳಿತರೆ ಅಲ್ಲಿ ಗಾಳಿಯಾಡದೆ, ನಾನು ಮೊದಲು ಹೇಳಿದ ಕಾಪಿನ ಪೊರೆ ಕೆಟ್ಟು, ತಗಡಿನಲ್ಲಿ ಸೂಜಿತೂತುಗಳು ಬೀಳುತ್ತವೆ. ಆದಕಾರಣ ಹಳೆಯದನ್ನೆಲ್ಲ ಕೆರೆದು ತೆಗೆದು, ನೀರು ಹೀರದ ಹೊಸ ಫೋಮಿನ ಹಲಗೆಗಳನ್ನು ಕತ್ತರಿಸಿ, ಅಡಿಯಲ್ಲಿ ನೀರು ಹರಿದುಹೋಗಲು ದಾರಿ ಬಿಟ್ಟು ಜೋಡಿಸಬೇಕು. ಅಷ್ಟನ್ನು ನೆಲದಡಿಯಲ್ಲಿ ಮಾತ್ರವಲ್ಲ, ಇಕ್ಕೆಲದ ಅಂಚುಗಳ ಕೆಳಗೂ ಎತ್ತರದಲ್ಲಿ ಇಡಬೇಕು. ಆಗ ನೀರು ತುಂಬಿದ ದೋಣಿ ಹೊಟ್ಟೆ ಮೇಲಾಗಿ ತಿರುಗಿಕೊಳ್ಳುವುದು ಕಡಿಮೆ.

ಮೂರನೆಯದು, ಯಂತ್ರವನ್ನು ಹೊರುವ ಹಿಂಬದಿಯ ಅಡ್ಡಹಲಗೆ. ಅದರ ಹೊರಗೂ ಒಳಗೂ ಲೋಹ, ನಡುವೆ ಮರ. ಯಂತ್ರದ ನೂಕು, ಅಲೆಯ ಕುಲುಕು ಎಲ್ಲವೂ ಬೀಳುವುದು ಆ ಮರದ ಮೇಲೆ. ಹೊರಗಿನಿಂದ ನೋಡಿದರೆ ಹೊಳೆಯುವ ದೋಣಿಯ ಒಳಮರ ಗೊಬ್ಬರವಾಗಿರಬಹುದು. ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತಿದ್ದ ಆ ಮರವನ್ನು ತೆಗೆದು, ಎರಡು ಪದರದ ಪ್ಲೈವುಡ್ಡನ್ನು ಅಂಟಿನಿಂದ ಬೆಸೆದು, ಅಂಚಂಚಿಗೂ ಕೊರೆದ ತೂತುಗಳ ಒಳಮೈಗೂ ಎಪಾಕ್ಸಿ ಬಳಿದು ಕೂಡಿಸಿದರು. ಇಲ್ಲೊಂದು ಸೂಕ್ಷ್ಮವಿದೆ. ಹುಳು ಹಿಡಿಯದಂತೆ ತಾಮ್ರದ ಲವಣ ಕುಡಿಸಿದ ಮರ ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತದೆ. ದೋಣಿಯ ತಳಕ್ಕೆ ಪಾಚಿ ಕಟ್ಟದಂತೆ ತಾಮ್ರ ಬೆರೆಸಿದ ಬಣ್ಣವೂ ಸಿಗುತ್ತದೆ. ಅಲ್ಯೂಮಿನಿಯಂ ದೋಣಿಗೆ ಇವೆರಡೂ ವಿಷ. ತಾಮ್ರ ಮತ್ತು ಅಲ್ಯೂಮಿನಿಯಂ ನೀರಿನಲ್ಲಿ ಒಂದನ್ನೊಂದು ಮುಟ್ಟಿದರೆ ಸಣ್ಣದೊಂದು ವಿದ್ಯುತ್ಕೋಶವೇ ಏರ್ಪಟ್ಟು, ಅಲ್ಯೂಮಿನಿಯಂ ತಾನು ಕರಗಿ ತಾಮ್ರವನ್ನು ಉಳಿಸುತ್ತದೆ. ಎಷ್ಟೋ ದೋಣಿಗಳು ಐವತ್ತು ವರ್ಷ ಅಲೆಗಳಿಗೆ ಜಗ್ಗದಿದ್ದು, ಒಳ್ಳೆಯ ಮನಸ್ಸಿನಿಂದ ಮಾಡಿದ ರಿಪೇರಿಯಿಂದಾಗಿ ಕೆಲವೇ ವರ್ಷಗಳಲ್ಲಿ ತೂತುಬಿದ್ದಿವೆ.

ದೋಣಿ ಸಿದ್ಧವಾಯಿತು. ಇನ್ನು ಅದರ ಅಳತೆ. ಫಲಕವಿಲ್ಲದ ದೋಣಿಗೆ ಅಮೆರಿಕದ ಕರಾವಳಿ ರಕ್ಷಣಾ ದಳ ಒಂದು ಸುಲಭ ಲೆಕ್ಕವನ್ನು ಹೇಳಿಕೊಡುತ್ತದೆ: ಉದ್ದವನ್ನೂ ಅಗಲವನ್ನೂ ಅಡಿಗಳಲ್ಲಿ ಗುಣಿಸಿ ಹದಿನೈದರಿಂದ ಭಾಗಿಸಿದರೆ ಬರುವುದು ಜನರ ಸಂಖ್ಯೆ. ಹದಿನಾರು ಅಡಿ ಉದ್ದ, ಐದೂವರೆ ಅಡಿ ಅಗಲದ ದೋಣಿಗೆ ಭಾಗಲಬ್ಧ ಐದು ದಾಟಿ ಆರನ್ನು ಮುಟ್ಟದು, ಆದುದರಿಂದ ಐವರು. ಆದರೆ ಇದು ಶಾಂತವಾದ ಹವೆಯ ಲೆಕ್ಕ. ನಮ್ಮ ನೆರೆಯವರು ಮಹಾಸರೋವರಕ್ಕೆ ಮೂವರಿಗಿಂತ ಹೆಚ್ಚು ಜನರನ್ನು ಎಂದೂ ಒಯ್ಯರು. ಇನ್ನೊಂದು ವಿಷಯವನ್ನೂ ಅವರು ಲೆಕ್ಕಕ್ಕೆ ತಂದರು. ದೋಣಿಯ ಜತೆಗಿದ್ದ ಹಳೆಯ ಯಂತ್ರಕ್ಕಿಂತ ಅಷ್ಟೇ ಶಕ್ತಿಯ ಇಂದಿನ ಯಂತ್ರ ಹೆಚ್ಚು ತೂಗುತ್ತದೆ. ಆ ಕಾಲದ ದೋಣಿಗಳ ಹಿಂಬದಿ ಮೊದಲೇ ತಗ್ಗು; ಅದರ ಮೇಲೆ ಭಾರವಾದ ಯಂತ್ರವನ್ನು ಹೇರಿದರೆ ಹಿಂಬದಿಯ ಅಂಚು ನೀರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಅದಕ್ಕಾಗಿ ಅವರು ಯಂತ್ರದ ಶಕ್ತಿಯನ್ನೇ ತಗ್ಗಿಸಿಕೊಂಡರು. ಇಂಧನದ ತೊಟ್ಟಿಯನ್ನೂ ಬ್ಯಾಟರಿಯನ್ನೂ ಮುಂದಕ್ಕೆ ಸರಿಸಿದರು. ಸಣ್ಣ ದೋಣಿ ಮುಳುಗುವುದು ಬಹುಮಟ್ಟಿಗೆ ಹಿಂದಿನಿಂದ ಬರುವ ಅಲೆಗೆ. ಅದೇ ಕಾರಣಕ್ಕೆ ಲಂಗರನ್ನು ಯಾವಾಗಲೂ ಮುಂತುದಿಯಿಂದಲೇ ಇಳಿಸಬೇಕು. ಹಿಂತುದಿಗೆ ಕಟ್ಟಿದರೆ ದೋಣಿ ತನ್ನ ತಗ್ಗಾದ ಕಡೆಯನ್ನೇ ಅಲೆಗೆ ಒಡ್ಡಿ ನಿಲ್ಲುತ್ತದೆ.

ಅಲೆ ಎಂದೆ. ಅಲೆಯನ್ನು ಎಬ್ಬಿಸುವುವು ಮೂರು: ಗಾಳಿಯ ವೇಗ, ಅದು ಬೀಸುವ ಹೊತ್ತು, ಅಡ್ಡಿಯಿಲ್ಲದೆ ಅದು ಹಾದುಬರುವ ನೀರಿನ ದೂರ. ಮಿಷಿಗನ್ ಸರೋವರ ಅಡ್ಡಲಾಗಿ ನೂರು ಕಿಲೋಮೀಟರನ್ನು ಮೀರಿ ಹರಡಿದೆ. ಉದ್ದದಲ್ಲಿ ಐನೂರರ ಸಮೀಪ. ಸಾಗರದ ಅಲೆಗಳು ಉದ್ದವಾಗಿ, ನಿಧಾನವಾಗಿ ದೋಣಿಯನ್ನು ಎತ್ತಿ ಇಳಿಸುತ್ತವೆ. ಸರೋವರದ ಅಲೆಗಳು ಗಿಡ್ಡ, ಕಡಿದು, ಒಂದರ ಬೆನ್ನಿಗೊಂದು. ಒಂದನ್ನು ಹತ್ತಿ ಇಳಿಯುವಷ್ಟರಲ್ಲಿ ಇನ್ನೊಂದು ಮುಂತುದಿಯ ಮೇಲೆ ಬಿದ್ದಿರುತ್ತದೆ. ಅತ್ಯಂತ ಆಳದ ಕಡೆಯೂ ೬೪ ಮೀಟರನ್ನು ದಾಟದ ಈರಿ ಸರೋವರ ಐದರಲ್ಲಿ ಎಲ್ಲಕ್ಕಿಂತ ಆಳ ಕಡಿಮೆಯಾದುದು. ಅದು ಕೆರಳುವುದೂ ಬಲುಬೇಗ. ಪೂರ್ವ ದಂಡೆಯವರಿಗೆ ಇನ್ನೊಂದು ಮೋಸ ಕಾದಿರುತ್ತದೆ. ನೆಲದ ಕಡೆಯಿಂದ ಮೂಡಣ ಗಾಳಿ ಬೀಸುವಾಗ ದಡದ ನೀರು ಕನ್ನಡಿಯಂತೆ ಕಾಣುತ್ತದೆ. ಹತ್ತು ಕಿಲೋಮೀಟರು ಒಳಗೆ ಹೋದಮೇಲೆಯೇ ಅಲೆಗಳ ನಿಜರೂಪ ತಿಳಿಯುವುದು. ಆಗ ಹಿಂದಿರುಗುವ ದಾರಿ ಗಾಳಿಗೆ ಎದುರಾಗಿರುತ್ತದೆ.

ಇದಕ್ಕೆಲ್ಲ ಕಿವಿಯೇ ಮೊದಲ ಕಾಪು. ಬಾನುಲಿಯಲ್ಲಿ ನಿಂತು ಬಾನುಲಿಯ ಹಿರಿಮೆಯನ್ನು ಹೇಳುವುದು ಆತ್ಮಸ್ತುತಿಯಾದೀತೇನೋ. ಆದರೆ ಅಲ್ಲಿ ಸರ್ಕಾರದ ಹವಾಮಾನ ಬಾನುಲಿ ಹಗಲೂ ಇರುಳೂ ಬಿಡುವಿಲ್ಲದೆ ಗಾಳಿಯ ದಿಕ್ಕು, ವೇಗ, ಅಲೆಯ ಎತ್ತರ ಇವನ್ನೇ ಓದುತ್ತಿರುತ್ತದೆ. ಸರೋವರದ ನಡುವೆ ನಿಲ್ಲಿಸಿದ ತೇಲುಗುಂಡುಗಳಿಂದ ಅಳತೆಗಳು ಬರುತ್ತಿರುತ್ತವೆ. ಗಾಳಿ ೨೨ ನಾಟ್ ವೇಗವನ್ನು ಮುಟ್ಟುವಂತಿದ್ದರೆ, ಅಥವಾ ಅಲೆ ನಾಲ್ಕು ಅಡಿಯನ್ನು ಮೀರುವಂತಿದ್ದರೆ ಸಣ್ಣ ದೋಣಿಗಳಿಗೆ ಎಚ್ಚರಿಕೆ ಹೊರಡುತ್ತದೆ. ಹದಿನಾರು ಅಡಿಯ ಹಳೆಯ ದೋಣಿಗೆ ಆ ಎಚ್ಚರಿಕೆಯ ಅರ್ಧದಷ್ಟು ಅಲೆಯೇ ಧಾರಾಳವಾಯಿತು. ವಿಪತ್ತಿನಲ್ಲಿ ಕರೆಯಲು ಹಡಗಿನವರ ಬಾನುಲಿಯ ಹದಿನಾರನೆಯ ಚಾನೆಲ್ ಇದೆ. ದಡದಿಂದ ದೂರ ಸರಿದಂತೆ ಕೈಫೋನನ್ನು ನಂಬಲಾಗದು.

ಇನ್ನು ನೀರಿನ ತಣ್ಪು. ತುಂಗಭದ್ರೆಯ ಹರಿಗೋಲಿನಿಂದ ಬಿದ್ದವನು ಈಜು ಬಲ್ಲವನಾದರೆ ದಡ ಸೇರಿಯಾನು. ಮೇ ತಿಂಗಳ ಮಿಷಿಗನ್ ಸರೋವರಕ್ಕೆ ಬಿದ್ದ ಈಜುಗಾರನಿಗೆ ಆ ಭರವಸೆಯಿಲ್ಲ. ಆಗ ಆ ನೀರು ಕರಗಿದ ಹಿಮಕ್ಕಿಂತ ತುಸುವೇ ಬೆಚ್ಚಗಿರುತ್ತದೆ. ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ವಿಜ್ಞಾನಿ ತಣ್ಣೀರಿನಲ್ಲಿ ಬಿದ್ದವರ ಸ್ಥಿತಿಯನ್ನು ಮೂರು ಅಂಕಿಗಳಲ್ಲಿ ಅಡಕಮಾಡಿದ್ದಾರೆ: ಒಂದು, ಹತ್ತು, ಒಂದು. ಏದುಸಿರನ್ನು ಹತೋಟಿಗೆ ತಂದುಕೊಳ್ಳಲು ಒಂದು ನಿಮಿಷ. ಕೈಕಾಲುಗಳು ಹೇಳಿದ ಮಾತನ್ನು ಕೇಳುವುದು ಹತ್ತು ನಿಮಿಷ. ಮೈಬಿಸಿಯೆಲ್ಲ ಇಳಿದು ಪ್ರಜ್ಞೆ ತಪ್ಪುವುದಕ್ಕೆ ಒಂದು ಗಂಟೆ. ಆ ಕೊನೆಯ ಗಂಟೆ ದಕ್ಕುವುದು ತೇಲುಕವಚವನ್ನು ತೊಟ್ಟವನಿಗೆ ಮಾತ್ರ. ಕವಚ ಆಸನದ ಕೆಳಗಿದ್ದರೆ ಇಲ್ಲದಂತೆಯೇ ಸರಿ. ಬಿದ್ದಮೇಲೆ ಅದನ್ನು ತೊಡಲು ಬೆರಳುಗಳು ಒಪ್ಪುವುದಿಲ್ಲ.

ಒಂದು ಆಗಸ್ಟ್ ತಿಂಗಳ ಬೆಳಗಿನ ಜಾವ ಆ ದೋಣಿಯಲ್ಲಿ ನಾನೂ ಹೋದೆ. ಗಾಳ ಹಾಕಲು ಅಲ್ಲ, ನೋಡಲು. ಬೇಸಗೆಯಲ್ಲಿ ಸರೋವರದ ನೀರು ಪದರ ಪದರವಾಗುತ್ತದೆ: ಮೇಲೆ ಬೆಚ್ಚನೆಯದು, ಕೆಳಗೆ ತಣ್ಣನೆಯದು, ನಡುವೆ ಬಿಸಿ ಸರಕ್ಕನೆ ಇಳಿಯುವ ಒಂದು ತೆಳುಪದರ. ಸಾಲ್ಮನ್ ಮೀನು ಅರಸುವುದು ಹನ್ನೆರಡು ಡಿಗ್ರಿ ಸೆಲ್ಸಿಯಸ್ಸಿನ ಸುತ್ತಲಿನ ನೀರನ್ನು. ಆದುದರಿಂದ ನಾಲ್ಕೈದು ಕಿಲೋ ತೂಕದ ಗುಂಡೊಂದನ್ನು ತಂತಿಯಿಂದ ಆ ಆಳಕ್ಕೆ ಇಳಿಸಿ, ಗಾಳದ ದಾರವನ್ನು ಅದಕ್ಕೆ ಸಿಕ್ಕಿಸಿ, ನಡಿಗೆಯ ವೇಗದಲ್ಲಿ ದೋಣಿಯನ್ನು ನಡೆಸುತ್ತಾರೆ. ಮೀನು ಕಚ್ಚಿದರೆ ದಾರ ಗುಂಡಿನಿಂದ ಕಳಚಿಕೊಳ್ಳುತ್ತದೆ. ದಡದ ಗಾಳಿ ಮೇಲಿನ ಬೆಚ್ಚನೆಯ ನೀರನ್ನು ಒಳಕ್ಕೆ ತಳ್ಳಿದ ದಿನ ಆಳದ ತಣ್ಣೀರು ಮೇಲೇರಿ, ಮೀನು ದಡದ ಹತ್ತಿರವೇ ಸಿಗುವುದುಂಟು. ಸಣ್ಣ ದೋಣಿಯವರಿಗೆ ಹಬ್ಬವಾಗುವುದು ಅಂಥ ದಿನ. ಅಂದು ಸಿಕ್ಕಿದ್ದು ಒಂದೇ ಮೀನು. ಗಂಟೆ ಹತ್ತು ಹೊಡೆಯುವಾಗ ಪಡುವಣ ದಿಗಂತದ ಗೆರೆ ತುಸು ಗರಗಸದಂತೆ ಕಂಡಿತು. ನೆರೆಯವರು ಏನೂ ಹೇಳದೆ ಗುಂಡನ್ನು ಮೇಲಕ್ಕೆ ಸುತ್ತಿದರು. ನಮಗಿಂತ ದೊಡ್ಡ ದೋಣಿಗಳು ಅಲ್ಲಿಯೇ ಮೀನು ಹಿಡಿಯುತ್ತಿದ್ದವು. ನಾವು ದೀಪಸ್ತಂಭದ ಪಕ್ಕದ ಕಾಲುವೆಯನ್ನು ಸೇರಿದ ಒಂದು ಗಂಟೆಯೊಳಗೆ ಅಲೆಗಳು ಕಲ್ಲುಕಟ್ಟೆಯ ಮೇಲೆ ಹಾರುತ್ತಿದ್ದವು. ಕಾಲುವೆಯ ಬಾಯಿಯೇ ಆ ಹೊತ್ತಿನಲ್ಲಿ ಎಲ್ಲಕ್ಕಿಂತ ಕೆಟ್ಟ ಜಾಗ. ಬರುವ ಅಲೆ ಕಟ್ಟೆಗೆ ಬಡಿದು ಮರಳುವ ಅಲೆಯೊಡನೆ ಸೇರಿ ನೆಟ್ಟಗೆ ನಿಲ್ಲುತ್ತದೆ.

ದೋಣಿಯನ್ನು ಬಂಡಿಗೆ ಏರಿಸುವಾಗ ಅವರು ಒಂದು ಮಾತನ್ನು ಹೇಳಿದರು. ೧೯೬೭ರ ಆ ಶನಿವಾರ ಅವರ ತಂದೆಯೂ ಇದೇ ದೋಣಿಯನ್ನು ಎಳೆದುಕೊಂಡು ಪ್ಲಾಟ್ ಕೊಲ್ಲಿಗೆ ಹೋಗಿದ್ದರಂತೆ. ಬಹಳ ಹೊತ್ತು ನೀರನ್ನು ನೋಡುತ್ತ ನಿಂತು, ಬಂಡಿಯಿಂದ ಇಳಿಸದೆಯೇ ಮನೆಗೆ ಮರಳಿದರಂತೆ. ಮೀನಿಲ್ಲದೆ ಬಂದ ತಂದೆಯ ಮೇಲೆ ಬಾಲಕನಾಗಿದ್ದ ಇವರು ಸಂಜೆಯವರೆಗೂ ಮುನಿಸಿಕೊಂಡಿದ್ದರಂತೆ. ಸಂಜೆ ಸುದ್ದಿ ಬಂದಿತು.

ಹಾಗಾದರೆ ಹೊಸ ದೋಣಿಯನ್ನೇ ಕೊಳ್ಳಬಾರದೇಕೆ ಎಂದು ಕೇಳುವವರುಂಟು. ಹಣದ ಮಾತು ಒಂದು ಕಡೆಗಿರಲಿ. ಹೊಸ ದೋಣಿಯ ಮಿತಿಯನ್ನು ಯಾರೋ ಲೆಕ್ಕಹಾಕಿ ಫಲಕದ ಮೇಲೆ ಬರೆದಿರುತ್ತಾರೆ. ಅದನ್ನು ಓದುವವರು ಕಡಿಮೆ. ರಿವೆಟ್ಟು ರಿವೆಟ್ಟನ್ನೂ ತನ್ನ ಕೈಯಿಂದ ಬಿಗಿಮಾಡಿದವನು ದೋಣಿ ಎಲ್ಲಿ ತಗ್ಗು, ಎಲ್ಲಿ ಬಲಹೀನ, ಎಷ್ಟು ಹೊತ್ತೀತು ಎಂಬುದನ್ನು ಫಲಕವಿಲ್ಲದೆಯೇ ಬಲ್ಲ. ನಮ್ಮಲ್ಲಿಯೂ ಹರಿಗೋಲನ್ನು ತಾನೇ ಹೆಣೆದ ಅಂಬಿಗ ಹೊಳೆ ಕೆಂಪಾದ ದಿನ ಎಷ್ಟು ಕಾಸು ಕೊಟ್ಟರೂ ಹುಟ್ಟು ಹಾಕನು. ಹಳೆಯದನ್ನು ಉಳಿಸಿಕೊಳ್ಳುವುದೆಂದರೆ ಅದರ ಹೊಳಪನ್ನು ಮಾತ್ರ ಉಳಿಸಿಕೊಳ್ಳುವುದಲ್ಲ, ಅದರ ಮಿತಿಯನ್ನೂ ಒಪ್ಪಿಕೊಳ್ಳುವುದು. ತಗಡಿಗೆ ತೇಪೆ ಹಾಕಬಹುದು, ಮರವನ್ನು ಬದಲಿಸಬಹುದು, ಯಂತ್ರವನ್ನು ಹೊಸದಾಗಿಸಬಹುದು. ಹದಿನಾರು ಅಡಿ ಹದಿನಾರು ಅಡಿಯಾಗಿಯೇ ಉಳಿಯುತ್ತದೆ. ಸರೋವರವೂ ತನ್ನ ಅಳತೆಯಲ್ಲಿಯೇ ಇರುತ್ತದೆ. ಇವೆರಡರ ನಡುವಣ ಅಂತರವನ್ನು ದಡದಲ್ಲಿ ನಿಂತಿರುವಾಗಲೇ ಅಳೆಯಬಲ್ಲವನಿಗೆ ಆ ಹಳೆಯ ದೋಣಿ ಇನ್ನೂ ಎಷ್ಟೋ ಬೆಳಗುಗಳನ್ನು ಕೊಡುತ್ತದೆ.